ಕ್ಲರ್ಕ್ ಮಾಡ್ತಿದ್ದ ಕೆಲ್ಸ ಕಂಡಕ್ಟರ್ ಟ್ಯಾಬ್ಲೆಟ್‌ಗೆ ಹೋದ್ರೆ ಅದು ಯಾರ ಕೆಲ್ಸ? (ಅಮೆರಿಕ ರೈಲ್ವೆ)

ಕೋಡ್‌ಗಾರ:
ಎಲ್ರಿಗೂ ನಮಸ್ಕಾರ. ನಾನು ಅಮೆರಿಕದಲ್ಲಿ ಒಂದು ಗೂಡ್ಸ್ ರೈಲ್ವೆಗೆ ಕಾಂಟ್ರಾಕ್ಟ್ ಮೇಲೆ ಸಾಫ್ಟ್‌ವೇರ್ ಮಾಡ್ಕೊಡ್ತೀನಿ, ಹೆಸ್ರು ಬೇಡ. ಮುಂಚೆ ಹೇಗಿತ್ತು ಅಂದ್ರೆ ಯಾವ ವ್ಯಾಗನ್ ಎಲ್ಲಿ ಬಿಟ್ಟೆ ಯಾವ್ದು ಎತ್ಕೊಂಡೆ ಅಂತ ಕಂಡಕ್ಟರ್ (ಗೂಡ್ಸ್ ರೈಲಿನ ಉಸ್ತುವಾರಿ ನೋಡ್ಕೊಳ್ಳೋರು) ವ್ಯಾಗನ್ ಲಿಸ್ಟ್ ಮೇಲೆ ಪೆನ್ನಲ್ಲಿ ಗುರುತು ಹಾಕಿ ಆಫೀಸಿಗೆ ತಂದ್ಕೊಡೋರು, ಕ್ಲರ್ಕ್ ಅದನ್ನ ಸಿಸ್ಟಮ್‌ಗೆ ಹಾಕೋರು. ನಾವು ಮಾಡಿದ ಆ್ಯಪ್ ಬಂದ್ಮೇಲೆ ಕಂಡಕ್ಟರೇ ಟ್ಯಾಬ್ಲೆಟ್‌ನಲ್ಲಿ ಒತ್ತಿ ಮುಗಿಸ್ತಾರೆ. ಈಗ ಕ್ಲರ್ಕ್‌ಗಳ ಯೂನಿಯನ್ ಇದು ನಮ್ಮ ಕೆಲ್ಸ ಅಂತ ಕ್ಲೇಮ್ ಹಾಕಿದೆ. ಆ ಆಫೀಸಲ್ಲಿ ಒಬ್ರು ಹಿರಿಯ ಕ್ಲರ್ಕ್ ಇದಾರೆ, ಆ್ಯಪ್ ಮಾಡೋವಾಗ ಎರಡು ವಾರ ಅವರ ಪಕ್ಕದಲ್ಲೇ ಕೂತು ಎಲ್ಲಾ ಕಲ್ತಿದ್ದೆ, ಮೊನ್ನೆ ಹೋದಾಗ ಮಾತಾಡಿಸಿದ್ರು ಆದ್ರೆ ಮೊದಲಿನ ಥರ ಅಲ್ಲ. ಮನಸಿಗೆ ತುಂಬಾ ಕಷ್ಟ ಆಯ್ತು. ಕೆಲ್ಸ ಇಂಥವರದ್ದೇ ಅಂತ ಯಾರು ಹೇಳ್ತಾರೆ? ಇದಕ್ಕೆ ಸ್ಟ್ರೈಕ್ ಆಗುತ್ತಾ?

ಕಾಯ್ದೆ ಓದುಗಿ:
ಮೊದ್ಲು ಸ್ಟ್ರೈಕ್ ವಿಷ್ಯ. ಇರೋ ಒಪ್ಪಂದದ ಅರ್ಥ ಏನು ಅನ್ನೋ ಜಗಳಕ್ಕೆ ಅಲ್ಲಿ ಮೈನರ್ ಡಿಸ್ಪ್ಯೂಟ್ ಅಂತಾರೆ, ಅದಕ್ಕೆ ಸ್ಟ್ರೈಕ್ ಮಾಡೋ ಹಾಗಿಲ್ಲ, 1957ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಮೊದ್ಲು ಕಂಪನಿ ಒಳಗೇ ಮಾತುಕತೆ, ಬಗೆಹರಿಯದಿದ್ರೆ 1934ರಲ್ಲಿ ಹುಟ್ಟಿದ ನ್ಯಾಷನಲ್ ರೈಲ್‌ರೋಡ್ ಅಡ್ಜಸ್ಟ್‌ಮೆಂಟ್ ಬೋರ್ಡ್‌ಗೆ ಹೋಗುತ್ತೆ. ಕ್ಲರ್ಕ್‌ಗಳದ್ದು ಅದರ ಥರ್ಡ್ ಡಿವಿಷನ್. ಕಂಪನಿ ಕಡೆಯವರು ಯೂನಿಯನ್ ಕಡೆಯವರು ಸಮಸಮ ಕೂತಿರ್ತಾರೆ, ಗಂಟು ಬಿಚ್ಚದಿದ್ರೆ ಹೊರಗಿನ ರೆಫರಿ ಬರ್ತಾರೆ.

ನಿಮ್ಮ ಕೇಸಿಗೆ ಹತ್ರದ್ದು ಅಂದ್ರೆ 1966ರ ಒಂದು ತೀರ್ಪು, ಯೂನಿಯನ್ ಪೆಸಿಫಿಕ್ ರೈಲ್ವೆದು. ಅಲ್ಲಿ ಬಂದಿದ್ದು ಆ್ಯಪ್ ಅಲ್ಲ, ಐಬಿಎಂ ಮಷೀನು. ಕಂಪನಿ ಆ ಮಷೀನ್ ನಡೆಸೋ ಕೆಲ್ಸನ ಕ್ಲರ್ಕ್‌ಗಳಿಗೆ ಕೊಡ್ತು, ಟೆಲಿಗ್ರಾಫರ್‌ಗಳು (ತಂತಿ ಸಂದೇಶ ಕಳಿಸೋರು) ನಮ್ದು ಅಂತ ಬೋರ್ಡ್‌ಗೆ ಹೋದ್ರು. ಬೋರ್ಡು ಕ್ಲರ್ಕ್‌ಗಳ ಒಪ್ಪಂದ ನೋಡ್ದೇನೇ ಟೆಲಿಗ್ರಾಫರ್‌ಗಳ ಪರ ಹೇಳಿಬಿಡ್ತು, ಕಂಪನಿ ಕೇಳ್ಲಿಲ್ಲ, ಅದನ್ನ ಜಾರಿ ಮಾಡ್ಸಿ ಅಂತ ಟೆಲಿಗ್ರಾಫರ್‌ಗಳ ಯೂನಿಯನ್ ಕೋರ್ಟ್‌ಗೆ ಹೋಯ್ತು. ಸುಪ್ರೀಂ ಕೋರ್ಟಿನ ಜಸ್ಟಿಸ್ ಬ್ಲ್ಯಾಕ್ ಬರೆದ ತೀರ್ಪಲ್ಲಿ ಒಂದೇ ಕೆಲ್ಸಕ್ಕೆ ಇಬ್ರು ಕೈ ಚಾಚಿದಾರೆ ಅಂದ್ಮೇಲೆ ಇಬ್ರ ಒಪ್ಪಂದನೂ ಒಟ್ಟಿಗೆ ಇಟ್ಕೊಂಡು ಪೂರ್ತಿ ಜಗಳ ಒಂದೇ ಸಲ ತೀರ್ಮಾನ ಮಾಡಿ ಅಂತ ವಾಪಸ್ ಕಳಿಸಿದ್ರು. ಇಲ್ಲಾಂದ್ರೆ ಕಂಪನಿ ಒಂದೇ ಕೆಲ್ಸಕ್ಕೆ ಎರಡು ಕಡೆ ದುಡ್ಡು ಕೊಡೋ ಪರಿಸ್ಥಿತಿ ಬರುತ್ತೆ. ಅಂದಹಾಗೆ ಅಷ್ಟು ಕಿತ್ತಾಡಿದ ಆ ಎರಡು ಯೂನಿಯನ್ 1969ರಲ್ಲಿ ಒಂದಾದ್ವು.

ನಿಮ್ಮಲ್ಲಿ ಮುಖ್ಯ ಪ್ರಶ್ನೆ ಬೇರೆ. ಆ್ಯಪ್ ಬಂದು ಕೆಲ್ಸ ಮಾಯ ಆಯ್ತಾ, ಇಲ್ಲ ಕ್ಲರ್ಕ್ ಕೈಯಿಂದ ಕಂಡಕ್ಟರ್ ಕೈಗೆ ಹೋಯ್ತಾ? ನಡುವಿನ ಒಂದು ಹಂತ ತಾನಾಗೇ ಬಿದ್ದುಹೋದ್ರೆ ಒಪ್ಪಂದ ಮುರಿದಿಲ್ಲ ಅಂತ ಎಷ್ಟೋ ಸಲ ಬೋರ್ಡ್ ಹೇಳಿದೆ. ಅದೇ ಕೆಲ್ಸ ಇನ್ನೊಬ್ರು ಮಾಡ್ತಿದ್ರೆ ಮಾತು ಬೇರೆ. ಕ್ಲರ್ಕ್ ಬರೀ ನೋಡ್ಕೊಂಡು ಟೈಪ್ ಮಾಡ್ತಿದ್ರಾ?

ಏರ್‌ಹೋಸ್:
ನಾನು ಇಲ್ಲೇ ಒಂದು ಯಾರ್ಡಲ್ಲಿ ಕಾರ್‌ಮ್ಯಾನ್, ವ್ಯಾಗನ್ ತಪಾಸಣೆ ರಿಪೇರಿ ಮಾಡೋನು. ಮೇಡಂ ಹೇಳಿದ್ದು ಸರಿ, ಆದ್ರೆ ಕೊನೆಗೆ ನಿಲ್ಲೋದು ಒಪ್ಪಂದದ ಪುಸ್ತಕದಲ್ಲಿ ಬರೆದಿರೋ ಸಾಲು. ನಮ್ಮ ಕಡೆ ಉದಾಹರಣೆ ನೋಡಿ, ಎರಡು ವ್ಯಾಗನ್ ನಡುವಿನ ಬ್ರೇಕ್ ಹೋಸ್ ಜೋಡಿಸೋದು. ಬಗ್ಗಿ ಎರಡು ಹೋಸ್‌ನೂ ಎತ್ತಿ ಬಾಯಿಗೆ ಬಾಯಿ ಸಿಕ್ಕಿಸಿ ಕೆಳಗೆ ಬಿಡ್ತೀವಿ, ಆಮೇಲೆ ಕಾಕ್ (ಗಾಳಿ ಬಿಡೋ ವಾಲ್ವ್) ನಿಧಾನ ತಿರುಗಿಸ್ಬೇಕು, ಗಾಳಿ ಬುಸ್ ಅಂತ ತುಂಬೋದು ಕೇಳಿಸುತ್ತೆ. ಇದನ್ನ ನಾನೂ ಮಾಡ್ತೀನಿ ಕಂಡಕ್ಟರೂ ಮಾಡ್ತಾರೆ. ಹಾಗಿದ್ರೆ ಯಾರದ್ದು? 1964ರ ಒಪ್ಪಂದದಲ್ಲಿ ಷರತ್ತು ಇದೆ, ಅಲ್ಲಿ ಕಾರ್‌ಮ್ಯಾನ್ ಡ್ಯೂಟಿ ಮೇಲೆ ಇರ್ಬೇಕು, ಬ್ರೇಕ್ ಟೆಸ್ಟು, ಅದರ ಜೊತೆಗಿನ ಹೋಸ್ ಜೋಡಣೆ ಆ ಯಾರ್ಡಲ್ಲೇ ಆಗ್ಬೇಕು ಅಂತ ಕಂಪನಿ ಹೇಳಿರ್ಬೇಕು, ರೈಲು ಆ ಯಾರ್ಡಿಂದ ಹೊರಡ್ಬೇಕು. ಮೂರೂ ಕೂಡಿದ್ರೆ ನಮ್ಮದು. ಒಂದು ತಪ್ಪಿದ್ರೂ ಕ್ಲೇಮ್ ಬಿದ್ದುಹೋಗುತ್ತೆ.

ಹಾಗಾಗಿ ಕ್ಲರ್ಕ್‌ಗಳ ಸ್ಕೋಪ್ ರೂಲ್, ಅಂದ್ರೆ ಒಪ್ಪಂದ ಯಾರಿಗೆ ಯಾವ ಕೆಲ್ಸಕ್ಕೆ ಅನ್ವಯ ಅಂತ ಹೇಳೋ ನಿಯಮ, ಹೇಗೆ ಬರೆದಿದೆ ನೋಡಿ ಗುರು. ಬರೀ ಹುದ್ದೆಗಳ ಹೆಸ್ರು ಇದ್ರೆ ಈ ಕೆಲ್ಸ ಎಲ್ಲಾ ಕಡೆ ನಾವೇ ಮಾಡ್ಕೊಂಡು ಬಂದಿದೀವಿ ಅಂತ ಯೂನಿಯನ್ ಪ್ರೂವ್ ಮಾಡ್ಬೇಕಾಗುತ್ತೆ, ಅದು ಬಹಳ ಕಷ್ಟ. ಹುದ್ದೆ ಜೊತೆ ಕೆಲ್ಸನೂ ತೆಗೆಯೋ ಹಾಗಿಲ್ಲ ಅಂತ ಬರೆದಿದ್ರೆ ಅವರ ಕೈ ಗಟ್ಟಿ. ಡೇಟ್ ಕೂಡ ಮುಖ್ಯ, 1954ರ ನ್ಯಾಷನಲ್ ಅಗ್ರಿಮೆಂಟ್ ಪ್ರಕಾರ 60 ದಿನದೊಳಗೆ ಕ್ಲೇಮ್ ಹಾಕ್ಬೇಕು, ಕಂಪನಿ 60 ದಿನದೊಳಗೆ ಉತ್ತರ ಕೊಡ್ಬೇಕು, ಕೊಡದಿದ್ರೆ ಕ್ಲೇಮ್ ಹಾಕಿದ ಹಾಗೇ ಪಾಸ್.

ಕೋಡ್‌ಗಾರ:
ಇಬ್ರಿಗೂ ತುಂಬಾ ಥ್ಯಾಂಕ್ಸ್. ಮೇಡಂ, ನಿಮ್ ಪ್ರಶ್ನೆ ಓದಿ ಸುಮ್ನೆ ಕೂತ್ಬಿಟ್ಟೆ. ಅವರು ಬರೀ ಟೈಪ್ ಮಾಡ್ತಿರ್ಲಿಲ್ಲ. ನಾನು ಪಕ್ಕದಲ್ಲಿದ್ದಾಗ್ಲೇ ಒಂದಿನ ಕೆಮಿಕಲ್ ಟ್ಯಾಂಕ್ ವ್ಯಾಗನ್ ಲಿಸ್ಟಲ್ಲಿ ಒಂದು ಜಾಗ ಹಿಂದೆ ಇತ್ತು, ಸ್ಕೇಲ್ ಇಟ್ಟು ಸಾಲು ಸಾಲಾಗಿ ನೋಡ್ಕೊಂಡು ಹೋಗ್ತಾ ಅಲ್ಲೇ ನಿಲ್ಸಿ ರೇಡಿಯೋದಲ್ಲಿ ಕಂಡಕ್ಟರ್‌ನ ಕೇಳಿ ಸರಿ ಮಾಡಿದ್ರು. ಆ ಚೆಕಿಂಗ್‌ನ ನಾವು ಆ್ಯಪ್‌ನಲ್ಲಿ ಕಂಡಕ್ಟರ್‌ಗೆ ಒಂದು ಸ್ಕ್ರೀನ್ ಮಾಡಿ ಕೊಟ್ಟಿದೀವಿ, ಕೈಯಲ್ಲೇ ತಾಳೆ ನೋಡಿ ಓಕೆ ಒತ್ತಬೇಕು. ಅಂದ್ರೆ ಟೈಪಿಂಗ್ ಹೋಯ್ತು, ಚೆಕಿಂಗ್ ಕೈ ಬದಲಾಯ್ತು.

ಕಾಯ್ದೆ ಓದುಗಿ:
ಹಾಗಿದ್ರೆ ಎರಡನ್ನೂ ಬೇರೆ ಬೇರೆಯಾಗೇ ನೋಡ್ಬೇಕು, ಚೆಕಿಂಗ್ ವಿಷ್ಯದಲ್ಲಿ ಕ್ಲರ್ಕ್‌ಗಳ ವಾದಕ್ಕೆ ಬಲ ಇದೆ ಅಂತ ನನಗನ್ಸುತ್ತೆ. ಗಮನ ಇರ್ಲಿ, ಬೋರ್ಡ್‌ನಲ್ಲಿ ಹೊಸ ಸಾಕ್ಷಿ ತಗೊಳ್ಳಲ್ಲ, ಕಂಪನಿ ಒಳಗೆ ಮಾತುಕತೆ ನಡೆದಾಗ ಫೈಲಿಗೆ ಏನು ಸೇರಿರುತ್ತೋ ಅಷ್ಟೇ. ನಿಮ್ಮನ್ನ ಕೇಳಿದ್ರೆ ಈಗ ಬರೆದಿದ್ದನ್ನೇ ಬರ್ದುಕೊಡಿ, ಆ್ಯಪ್ ಎಲ್ಲಾ ತಾನೇ ಮಾಡುತ್ತೆ ಅಂತ ಯಾರಾದ್ರೂ ಬರ್ಕೊಡೋಕೆ ಹೇಳಿದ್ರೆ ಸಹಿ ಹಾಕ್ಬೇಡಿ.

ಕೋಡ್‌ಗಾರ:
ಮ್ಯಾನೇಜರ್ ನಾಳೆ ಆ್ಯಪ್ ವಿವರ ಕೇಳಿದಾರೆ. ಎರಡೂ ಹಂತ ಬೇರೆ ಬೇರೆ ಬರ್ದು, ಆ ಸ್ಕ್ರೀನ್ ಫೋಟೋನೂ ಸೇರಿಸ್ತೀನಿ.