ಸ್ವಿಚ್ ಆಫ್ ಇದ್ದರೂ ಸಿಡಿಲಿಗೆ ಕಂಪ್ಯೂಟರ್ ಕೆಟ್ಟಿದೆ, ಹೇಗೆ?

ಮೋಡಕವಿದವ:
ಮೊನ್ನೆ ಸಂಜೆ ಗುಡುಗು ಶುರುವಾದ ಕೂಡಲೇ ಕಂಪ್ಯೂಟರ್ ಶಟ್‌ಡೌನ್ ಮಾಡಿ ಗೋಡೆಯ ಸ್ವಿಚ್ಚನ್ನೂ ಆಫ್ ಮಾಡಿದ್ದೆ. ಪ್ಲಗ್ ಕಿತ್ತಿರಲಿಲ್ಲ. ಫೋನಿಗೆ ನೆಟ್ ಬೇಕಲ್ವಾ ಅಂತ ರೌಟರ್ ಮಾತ್ರ ಹಾಗೇ ಬಿಟ್ಟಿದ್ದೆ. ಹತ್ತಿರದಲ್ಲೇ ಎಲ್ಲೋ ಒಂದು ಸಿಡಿಲು ಬಿತ್ತು, ಕಿಟಕಿ ಗಾಜು ಅದುರಿತು, ಅಷ್ಟೆ. ನಮ್ಮ ಮನೆಗೇನೂ ಬಡಿದಿಲ್ಲ. ಬೆಳಿಗ್ಗೆ ನೋಡಿದರೆ ಕಂಪ್ಯೂಟರ್ ಆನ್ ಆಗುತ್ತದೆ, ಆದರೆ ನೆಟ್ ಇಲ್ಲ. ಹಿಂದುಗಡೆ ಲ್ಯಾನ್ ವೈರ್ ಸಿಕ್ಕಿಸುವಲ್ಲಿ ಮಿನುಗುತ್ತಿದ್ದ ಹಸಿರು ದೀಪ ಸತ್ತಿದೆ. ರೌಟರಂತೂ ಪೂರ್ತಿ ತಣ್ಣಗಾಗಿದೆ, ಮೂಗಿನ ಹತ್ತಿರ ಹಿಡಿದರೆ ಸುಟ್ಟ ವಾಸನೆ. ಸ್ಪೈಕ್ ಗಾರ್ಡ್ ಬೇರೆ ಹಾಕಿದ್ದೆ! ಸ್ವಿಚ್ ಆಫ್ ಇದ್ದ ಮೇಲೆ ಒಳಗೆ ಹೋಗಿದ್ದು ಹೇಗೆ? ಇನ್ನು ಮುಂದೆ ಯುಪಿಎಸ್ ತಗೊಂಡರೆ ಸಾಕಾ?

ಹಳೇ ಸ್ಕ್ರೂಡ್ರೈವರ್:
ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ ಗುರು. ಹೋಗಿರುವುದು ಲ್ಯಾನ್ ಮತ್ತು ರೌಟರ್, ಅಂದರೆ ಅದು ಬಂದಿರುವುದು ಕರೆಂಟಿನ ದಾರಿಯಲ್ಲಲ್ಲ, ನೆಟ್ಟಿನ ದಾರಿಯಲ್ಲಿ. ತಾಮ್ರದ ಫೋನ್ ಲೈನ್ ಅಲ್ವಾ ನಿಮ್ಮದು? ಸಿಡಿಲು ಮನೆಗೇ ಬೀಳಬೇಕು ಅಂತೇನಿಲ್ಲ. ಪಕ್ಕದಲ್ಲಿ ಬಿದ್ದರೂ ಕಂಬದಿಂದ ಕಂಬಕ್ಕೆ ಹೋಗುವ ಉದ್ದದ ವೈರಿನಲ್ಲಿ ಒಂದು ಕ್ಷಣ ಸಾವಿರಾರು ವೋಲ್ಟ್ ಹುಟ್ಟಿಬಿಡುತ್ತದೆ. ಅದು ರೌಟರಿಗೆ ಬಂತು, ಅಲ್ಲಿಂದ ಲ್ಯಾನ್ ವೈರ್ ಹಿಡಿದು ಮದರ್‌ಬೋರ್ಡಿಗೆ. ಲ್ಯಾನ್ ಪೋರ್ಟಿನೊಳಗೆ ಪುಟ್ಟ ಟ್ರಾನ್ಸ್‌ಫಾರ್ಮರ್ ಇರುತ್ತದೆ, 1500 ವೋಲ್ಟ್ ತಡೆಯಬೇಕು ಅಂತ ಲೆಕ್ಕ. ಸಿಡಿಲಿಗೆ ಅದು ಯಾವ ಮೂಲೆಗೆ.

ಇನ್ನು ಸ್ವಿಚ್. ಒಂದು ಮಿಲಿಮೀಟರ್ ಗಾಳಿಯನ್ನು ದಾಟೋಕೆ ಸುಮಾರು 3000 ವೋಲ್ಟ್ ಸಾಕು, ಸ್ವಿಚ್ಚಿನೊಳಗಿನ ಸಂದು ಇರುವುದೇ ಕೆಲವು ಮಿಲಿಮೀಟರ್. ಆಕಾಶದಿಂದ ನೆಲಕ್ಕೆ ಕಿಲೋಮೀಟರ್‌ಗಟ್ಟಲೆ ಹಾರಿ ಬಂದಿದ್ದು ಅದನ್ನು ನೋಡಿ ನಿಲ್ಲುತ್ತಾ? ಸಾಲದ್ದಕ್ಕೆ ಮನೆಯ ಸ್ವಿಚ್ ಸಾಮಾನ್ಯವಾಗಿ ಫೇಸ್ ಒಂದನ್ನೇ ಕತ್ತರಿಸುತ್ತದೆ, ನ್ಯೂಟ್ರಲ್ ಮತ್ತು ಅರ್ಥ್ ಹಾಗೇ ಅಂಟಿಕೊಂಡಿರುತ್ತವೆ. ಪ್ಲಗ್ಗೇ ಕೀಳಬೇಕು. ಲ್ಯಾನ್ ವೈರನ್ನೂ.

ಮಳೆಗಾಲ_ಬೇಡ:
ಯುಪಿಎಸ್ ಬಗ್ಗೆ ಒಂದು ಮಾತು. ಮನೆಗೆ ತರುವ ಮಾಮೂಲಿ ಯುಪಿಎಸ್ ಕರೆಂಟ್ ಸರಿ ಇರುವಾಗ ಅದನ್ನೇ ಹೆಚ್ಚುಕಮ್ಮಿ ನೇರ ಕಂಪ್ಯೂಟರಿಗೆ ದಾಟಿಸುತ್ತದೆ. ಕರೆಂಟ್ ಹೋದಾಗ ಫೈಲ್ ಸೇವ್ ಮಾಡೋಕೆ ಸಮಯ ಸಿಗುತ್ತದೆ, ಅದು ಒಳ್ಳೆಯದೇ. ಸಿಡಿಲಿಗೆ ಅದೇ ಗುರಾಣಿ ಅಂದುಕೊಳ್ಳಬೇಡಿ. ಸ್ಟೆಬಿಲೈಸರ್ ಇನ್ನೂ ನಿಧಾನ, ಅದರೊಳಗಿನ ರಿಲೇ, ಅಂದರೆ ತಾನಾಗೇ ಬದಲಾಗುವ ಸ್ವಿಚ್, ಟಕ್ ಅನ್ನುವಷ್ಟರಲ್ಲಿ ಸರ್ಜ್ (ವೋಲ್ಟೇಜಿನ ಆ ದಿಢೀರ್ ಏರಿಕೆ) ತನ್ನ ಕೆಲಸ ಮುಗಿಸಿ ಹೋಗಿರುತ್ತದೆ. ಇದು ನಡೆಯುವುದೆಲ್ಲ ಮೈಕ್ರೋಸೆಕೆಂಡುಗಳಲ್ಲಿ.

ನಿಜವಾದ ಸ್ಪೈಕ್ ಗಾರ್ಡ್‌ನಲ್ಲಿ ಎಂಒವಿ ಅಂತ ಬಿಲ್ಲೆ ಥರದ ಒಂದು ಭಾಗ ಇರುತ್ತದೆ, ನಾಣ್ಯದಷ್ಟು ದೊಡ್ಡದು. ವೋಲ್ಟೇಜ್ ಮಿತಿ ಮೀರಿದರೆ ಹೆಚ್ಚಾದದ್ದನ್ನು ನ್ಯೂಟ್ರಲ್ಲಿಗೋ ಅರ್ಥಿಗೋ ತಳ್ಳುತ್ತದೆ. ಪ್ರತಿ ಸಲ ಪೆಟ್ಟು ತಿಂದಾಗಲೂ ಸ್ವಲ್ಪ ಸ್ವಲ್ಪ ಸವೆಯುತ್ತದೆ. ಅದಕ್ಕೇ ಒಳ್ಳೆಯದರಲ್ಲಿ ‘ಪ್ರೊಟೆಕ್ಟೆಡ್’ ಅಂತ ಬೇರೆಯೇ ಒಂದು ದೀಪ ಇಟ್ಟಿರುತ್ತಾರೆ. ಅದು ಆರಿದರೆ ನಿಮ್ಮ ಹತ್ತಿರ ಉಳಿದಿರುವುದು ಬರೀ ಎಕ್ಸ್‌ಟೆನ್ಷನ್ ಬೋರ್ಡ್. ಮನೆಯ ಅರ್ಥಿಂಗ್ ಸರಿಯಿಲ್ಲದಿದ್ದರೆ ಅರ್ಧ ಕೆಲಸ ಆಗಲೇ ಕೆಟ್ಟಂತೆ, ಎಲೆಕ್ಟ್ರಿಷಿಯನ್ ಕರೆಸಿ ಅದನ್ನು ಮೊದಲು ನೋಡಿಸಿ. ಹಾಗೆಯೇ ಮೀಟರ್ ಪಕ್ಕದ ಡಿಬಿ ಬಾಕ್ಸಿನಲ್ಲಿ (ಮನೆಯ ಫ್ಯೂಸುಗಳಿರುವ ಪೆಟ್ಟಿಗೆ) ಟೈಪ್ 2 ಎಸ್‌ಪಿಡಿ, ಅಂದರೆ ಇಡೀ ಮನೆಗೆ ಸರ್ಜ್ ತಡೆಯುವ ಸಾಧನ, ಹಾಕಿಸಿಕೊಳ್ಳಬಹುದು, ದೊಡ್ಡ ಏಟು ಅಲ್ಲೇ ಕಮ್ಮಿಯಾಗುತ್ತದೆ. ಸಿಡಿಲು ನೇರ ಮನೆಗೇ ಬಿದ್ದರೆ ಇದ್ಯಾವುದನ್ನೂ ನಂಬಬೇಡಿ.

ಸುಮ್ನೆ_ಓದುವವಳು:
ಪ್ಲಗ್ ಕೀಳಿ ಅನ್ನುವುದು ಸರಿ, ಆದರೆ ಯಾವಾಗ ಅಂತ ಯಾರೂ ಹೇಳಲಿಲ್ಲ. ತಲೆ ಮೇಲೆ ಸಿಡಿಲು ಆಡ್ತಿರುವಾಗ ಹೋಗಿ ವೈರಿಗೆ ಕೈ ಹಾಕಬೇಡಿ! ಕಂಪ್ಯೂಟರ್ ಹೋದರೆ ಹೋಗಲಿ. ಮಿಂಚಿದ ಮೇಲೆ ಎಣಿಸಿ, ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ಲೆಕ್ಕ. 30 ಎಣಿಸುವುದರೊಳಗೆ ಗುಡುಗು ಕೇಳಿಸಿತು ಅಂದರೆ ಹತ್ತು ಕಿಲೋಮೀಟರಿನ ಒಳಗೇ ಇದೆ, ಕೀಳುವ ಹೊತ್ತು ಆಗಲೇ ಮೀರಿತು ಅಂತ ಅರ್ಥ. ಕೊನೆಯ ಗುಡುಗಾಗಿ ಅರ್ಧ ಗಂಟೆ ಕಳೆದ ಮೇಲೆ ವಾಪಸ್ ಸಿಕ್ಕಿಸಿ. ನಾನಂತೂ ಮೋಡ ಕಪ್ಪಾದರೆ ಸಾಕು, ಕಿತ್ತುಬಿಡುತ್ತೇನೆ. ಮನೆಯಲ್ಲಿ ನಗುತ್ತಾರೆ, ನಗಲಿ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ತೆಗೆದು ವೈಫೈನಲ್ಲಿ ಆರಾಮಾಗಿ ಕೆಲಸ ಮಾಡಬಹುದು.

ಮೋಡಕವಿದವ:
ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಸ್ಪೈಕ್ ಗಾರ್ಡ್ ಬಿಚ್ಚಿ ನೋಡಿದೆ. ಒಳಗೆ ಮೂರು ಹಿತ್ತಾಳೆ ಪಟ್ಟಿ, ಸ್ವಿಚ್ಚಿನ ಕೆಂಪು ದೀಪ. ಮುಗೀತು. ಬಿಲ್ಲೆಯೂ ಇಲ್ಲ, ಬಿಲ್ಲೆ ಇದ್ದ ಗುರುತೂ ಇಲ್ಲ! ಇಷ್ಟು ವರ್ಷ ಹೆಸರು ನೋಡಿ ನೆಮ್ಮದಿಯಾಗಿದ್ದೆ. ಈಗ ಮದರ್‌ಬೋರ್ಡ್ ಬದಲಾಯಿಸಲೇಬೇಕಾ?

ಹಳೇ ಸ್ಕ್ರೂಡ್ರೈವರ್:
ಬೇಡ ಬೇಡ. ಮಿಕ್ಕಿದ್ದೆಲ್ಲ ಸರಿಯಿದ್ದರೆ ಬಯಾಸ್‌ನಲ್ಲಿ (ಕಂಪ್ಯೂಟರ್ ಆನ್ ಆಗುವಾಗ ತೆರೆಯಬಹುದಾದ ಸೆಟಿಂಗ್ಸ್) ಹಳೆಯ ಲ್ಯಾನ್ ಡಿಸೇಬಲ್ ಮಾಡಿ, ಯುಎಸ್‌ಬಿ ಲ್ಯಾನ್ ಅಡಾಪ್ಟರ್ ಒಂದು ಸಿಕ್ಕಿಸಿ, ನಡೆಯುತ್ತದೆ. ಆದರೆ ಅದಕ್ಕೂ ಮೊದಲು ಇವತ್ತೇ ಫೋಟೋ, ಫೈಲು ಎಲ್ಲ ಬೇರೆ ಡಿಸ್ಕಿಗೆ ಕಾಪಿ ಮಾಡಿ. ಪೆಟ್ಟು ತಿಂದ ಬೋರ್ಡು ಈಗ ಓಡಿದರೂ ಎಷ್ಟು ದಿನ ಅಂತ ಹೇಳೋಕಾಗಲ್ಲ. ಕಾಪಿ ಆದಮೇಲೆ ಆ ಡಿಸ್ಕನ್ನು ಕಂಪ್ಯೂಟರಿಗೇ ಸಿಕ್ಕಿಸಿಟ್ಟು ಬಿಡಬೇಡಿ ಮತ್ತೆ, ಬೀರುವಿನಲ್ಲಿಡಿ. ಸಾಧ್ಯವಾದರೆ ಫೈಬರ್ ನೆಟ್ಟಿಗೆ ಬದಲಾಯಿಸಿಕೊಳ್ಳಿ, ಗಾಜಿನ ಎಳೆಯಲ್ಲಿ ಕರೆಂಟ್ ಹರಿಯಲ್ಲ. ಅದರ ಡಬ್ಬಿಯ ಅಡಾಪ್ಟರ್ ಮಾತ್ರ ಗೋಡೆಯಲ್ಲೇ ಇರುತ್ತದೆ, ಅದನ್ನೂ ಕೀಳಬೇಕು.