ಕತೆ ಬರೆದಾಗಿದೆ, ಕಲಾವಿದೆಗೆ ಕೊಡಬಹುದೇ?

ಪ್ರಶ್ನೆ: ಮೇಡಂ, ಮಗಳಿಗೆ ಮಲಗುವಾಗ ಹೇಳುತ್ತಿದ್ದ ಆಮೆಯ ಕತೆಯನ್ನು ಬರೆದು ಮುಗಿಸಿದ್ದೇನೆ. 1,400 ಪದಗಳಾಗಿವೆ. ಚಿತ್ರಪುಸ್ತಕವಾಗಿ ನಾನೇ ಪ್ರಕಟಿಸುವ ಆಸೆ. ಪರಿಚಯದ ಕಲಾವಿದೆಯೊಬ್ಬರು ಚಿತ್ರ ಬರೆಯಲು ಒಪ್ಪಿದ್ದಾರೆ. ಮೊದಲ ಸಾಲು ಹೀಗಿದೆ: "ಕೆಂಪು ಟೋಪಿ ಹಾಕಿಕೊಂಡ ಪುಟ್ಟ ಆಮೆಯೊಂದು ಏದುಸಿರು ಬಿಡುತ್ತ ಹಸಿರು ಗುಡ್ಡವನ್ನು ನಿಧಾನವಾಗಿ ಹತ್ತುತ್ತಿತ್ತು." ಈಗಲೇ ಅವರ ಕೈಗೆ ಕೊಡಬಹುದೇ?

ಉತ್ತರ (ಮಕ್ಕಳ ಪುಸ್ತಕಗಳ ಸಂಪಾದಕಿ): ಈಗಲೇ ಬೇಡ. ಟೋಪಿ ಕೆಂಪು, ಗುಡ್ಡ ಹಸಿರು, ಆಮೆ ಪುಟ್ಟದು ಎಂಬುದನ್ನೆಲ್ಲ ಚಿತ್ರ ಒಂದೇ ನೋಟಕ್ಕೆ ಹೇಳಿಬಿಡುತ್ತದೆ. ನೀವೂ ಹೇಳಿದರೆ ಕಲಾವಿದೆಗೆ ಉಳಿಯುವುದು ಬಣ್ಣ ತುಂಬುವ ಕೆಲಸ ಮಾತ್ರ. "ಆಮೆ ಹತ್ತಿತು. ಹತ್ತಿತು. ಇನ್ನೂ ಹತ್ತಿತು." ಎಂದು ಬರೆದು ಗಟ್ಟಿಯಾಗಿ ಓದಿ ನೋಡಿ, ಏದುಸಿರು ಓದುವವರಿಗೇ ಬರುತ್ತದೆ. ಚಿತ್ರ ಹೇಳುವುದನ್ನೆಲ್ಲ ಹೀಗೆ ಹೊಡೆದು ಹಾಕುತ್ತ ಹೋದರೆ ನಿಮ್ಮ 1,400 ಪದ 500ರ ಆಸುಪಾಸಿಗೆ ಬಂದೀತು. ಕರುಳು ಚುರುಕ್ ಎನ್ನುತ್ತದೆ, ಗೊತ್ತು.

ಆಮೇಲೆ ಎಂಟು ಬಿಳಿ ಹಾಳೆಗಳನ್ನು ಒಟ್ಟಿಗೆ ನಡುವೆ ಮಡಚಿ ಪಿನ್ ಹೊಡೆಯಿರಿ. 32 ಪುಟದ ಡಮ್ಮಿ, ಅಂದರೆ ಪುಸ್ತಕದ ಕಚ್ಚಾ ಮಾದರಿ, ಸಿದ್ಧ. ದೊಡ್ಡ ಹಾಳೆಯಲ್ಲಿ ಮುದ್ರಿಸಿ ಮಡಚುವಾಗ ಪುಟಗಳು ಎಂಟು, ಹದಿನಾರರ ಕಂತೆಗಳಾಗಿ ಬರುತ್ತವೆ. ಹೆಚ್ಚಿನ ಚಿತ್ರಪುಸ್ತಕಗಳು 32 ಪುಟಗಳಲ್ಲಿರುವುದು ಅದಕ್ಕೇ. ಶೀರ್ಷಿಕೆ, ಹಕ್ಕುಸ್ವಾಮ್ಯದ ಪುಟಗಳು ಹೋದರೆ ಕತೆಗೆ ಉಳಿಯುವುದು ಹನ್ನೆರಡರಿಂದ ಹದಿನಾಲ್ಕು ಜೋಡಿಪುಟ. ಸಾಲುಗಳನ್ನು ಕತ್ತರಿಸಿ ಡಮ್ಮಿಯಲ್ಲಿ ಅಂಟಿಸಿ. ಎಲ್ಲಿ ಚಿತ್ರಕ್ಕೆ ಜಾಗವಿಲ್ಲ, ಎಲ್ಲಿ ಮೂರು ಪುಟ ಒಂದೇ ಘಟನೆ ಎಳೆದಾಡುತ್ತಿದೆ ಎಂಬುದು ಆಗಲೇ ಕಣ್ಣಿಗೆ ಬೀಳುತ್ತದೆ.

ಪ್ರಶ್ನೆ (ಅವರೇ): ಕಲಾವಿದೆ ಪರಿಚಯದವರು, ಬರಹದ ಒಪ್ಪಂದವೆಂದರೆ ಸಂಕೋಚ. ಬೇಕೇ ಬೇಕೇ?

ಉತ್ತರ: ಪರಿಚಯದವರಾದ್ದರಿಂದಲೇ ಬೇಕು. ಹಣ ಕೊಟ್ಟ ಮಾತ್ರಕ್ಕೆ ಚಿತ್ರದ ಹಕ್ಕು ಎಲ್ಲ ದೇಶಗಳಲ್ಲೂ ನಿಮ್ಮದಾಗುವುದಿಲ್ಲ. ಇ-ಪುಸ್ತಕಕ್ಕೆ, ಅನುವಾದಕ್ಕೆ, ಕ್ಯಾಲೆಂಡರಿಗೆ ಬಳಸಬಹುದೇ, ಮೂಲಚಿತ್ರ ಯಾರ ಬಳಿ ಇರುತ್ತದೆ, ಎಷ್ಟು ಸಲ ತಿದ್ದಿಕೊಡುತ್ತಾರೆ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಮುಖಪುಟದಲ್ಲಿ ಅವರ ಹೆಸರೂ ಇರಲಿ, ನಿಮ್ಮದರಷ್ಟೇ ದೊಡ್ಡದಾಗಿ.

ಇನ್ನೊಬ್ಬ ಸದಸ್ಯರು: ಮೇಡಂ, ನಾನು ಮಾಡಿಸಿದ ಪುಸ್ತಕದಲ್ಲಿ ಒತ್ತಕ್ಷರಗಳೆಲ್ಲ ಕೆಳಗಿಳಿಯದೆ ಪಕ್ಕದಲ್ಲಿ ಬಂದು ಕುಳಿತವು. ಬಣ್ಣವೂ ಪರದೆಯಲ್ಲಿ ಕಂಡಷ್ಟು ಉಜ್ವಲವಾಗಿರಲಿಲ್ಲ.

ಉತ್ತರ: ಇನ್‌ಡಿಸೈನ್ ಎಂಬ ಪುಟವಿನ್ಯಾಸದ ತಂತ್ರಾಂಶ ಬಳಸಿದ್ದರೆ, ಭಾರತೀಯ ಲಿಪಿಗಳನ್ನು ಸರಿಯಾಗಿ ಜೋಡಿಸುವ ಅದರ ವರ್ಲ್ಡ್-ರೆಡಿ ಕಂಪೋಸರ್ ಆಯ್ಕೆ ಮಾಡದಿದ್ದಾಗ ಹೀಗಾಗುತ್ತದೆ. ಅದು ಸರಿಯಿದ್ದರೂ ಪಿಡಿಎಫ್ ಆದ ಮೇಲೆ ಪ್ರತಿ ಪುಟವನ್ನೂ ಹೊಸಬರಂತೆ ಓದಲೇಬೇಕು. ಒತ್ತು, ವಟ್ರಸುಳಿ ಕೆಳಗಿನ ಸಾಲಿಗೆ ತಾಗದಷ್ಟು ಸಾಲಿನ ಅಂತರವನ್ನೂ ಕೊಡಿ. ಬಣ್ಣದ ಕತೆ ಬೇರೆ. ಪರದೆಯದು ಆರ್‌ಜಿಬಿ, ಅಂದರೆ ಕೆಂಪು, ಹಸಿರು, ನೀಲಿ ಬೆಳಕಿನ ಬಣ್ಣ; ಮುದ್ರಣದ್ದು ಸಿಎಂವೈಕೆ, ಅಂದರೆ ನಾಲ್ಕು ಶಾಯಿಗಳ ಬಣ್ಣ. ಮಿಂಚುವ ನೀಲಿ, ಹಸಿರು ಕಾಗದದ ಮೇಲೆ ಮಂಕಾಗುತ್ತವೆ. ಒಂದು ಪುಟವನ್ನಾದರೂ ಅದೇ ಕಾಗದದ ಮೇಲೆ ತೆಗೆಸಿ ನೋಡದೆ ಮುದ್ರಣಕ್ಕೆ ಒಪ್ಪಿಗೆ ಕೊಡಬೇಡಿ. ಚಿತ್ರಗಳು ಅಚ್ಚಾಗುವ ಅಳತೆಯಲ್ಲಿ 300 ಡಿಪಿಐ (ಇಂಚಿಗೆ 300 ಚುಕ್ಕಿ) ಇರಲಿ, ಕತ್ತರಿಸುವ ಅಂಚಿನಾಚೆಗೆ ಸಾಮಾನ್ಯವಾಗಿ 3 ಮಿ.ಮೀ. ಚಾಚಿರಲಿ. ಮುಖವನ್ನು ಜೋಡಿಪುಟದ ನಡುಮಡಿಕೆಗೆ ತರಬೇಡಿ, ಮೂಗು ಬೈಂಡಿಂಗ್‌ನೊಳಗೆ ಮಾಯವಾಗುತ್ತದೆ!

ಪ್ರಶ್ನೆ (ಮೊದಲಿನವರು, ಹತ್ತು ದಿನಗಳ ನಂತರ): ಡಮ್ಮಿ ಮಾಡಿದೆ ಮೇಡಂ. ಈಗ 540 ಪದಗಳು. ಆದರೆ ಪುಟ 16ರಲ್ಲಿ "ಬಾಗಿಲು ತಟ್ಟಿದ್ದು ಯಾರು?" ಎಂದು ಓದುವಷ್ಟರಲ್ಲಿ ಮಗಳು 17ರಲ್ಲಿದ್ದ ಮೊಲವನ್ನು ನೋಡಿ ಉತ್ತರ ಹೇಳಿಬಿಟ್ಟಳು.

ಉತ್ತರ: ಎರಡೂ ಎದುರುಬದುರು ಪುಟಗಳಲ್ಲವೇ, ಮತ್ತೇನಾದೀತು! ಪ್ರಶ್ನೆಯನ್ನು ಬಲಗಡೆಯ 17ಕ್ಕೆ ತಳ್ಳಿ, ಮೊಲ ಪುಟ ಮಗುಚಿದ ಮೇಲೆ 18ರಲ್ಲಿ ಬರಲಿ. ತೆರವಾದ 16ರಲ್ಲಿ ಪದವೇ ಬೇಡ, ಮುಚ್ಚಿದ ಬಾಗಿಲೊಂದನ್ನು ಬರೆಯಲು ಕಲಾವಿದೆಗೆ ಹೇಳಿ.