ಆನ್‌ಲೈನ್‌ನಲ್ಲಿ ಮೊದಲ ಸಲ ಹಳೆಯ ಸೇನಾ ರೈಫಲ್ ಕೊಳ್ಳುವವರಿಗೆ: ಕೋವಿ ರಿಪೇರಿಯವರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಸರ್. ನಮ್ಮ ಊರು ಸೋಮವಾರಪೇಟೆ ಕಡೆಯದು, ಈಗ ಟೆಕ್ಸಾಸ್‌ನಲ್ಲಿದ್ದೇನೆ. ಕಳೆದ ವರ್ಷ ಅಮೆರಿಕದ ಪೌರತ್ವ ದೊರೆಯಿತು. ನಮ್ಮ ಅಜ್ಜ ಎರಡನೆಯ ಮಹಾಯುದ್ಧದಲ್ಲಿ ಬರ್ಮಾ ರಂಗದಲ್ಲಿದ್ದವರು. ತಮ್ಮ ತ್ರೀ ನಾಟ್ ತ್ರೀ ರೈಫಲ್ಲಿನ ಬಗ್ಗೆ ಅವರು ಸಾಯುವವರೆಗೂ ಮಾತನಾಡುತ್ತಿದ್ದರು. ಅಂಥದೇ ಒಂದನ್ನು ನೆನಪಿಗಾಗಿ ಇಟ್ಟುಕೊಂಡು, ಆಗಾಗ ರೇಂಜಿನಲ್ಲಿ ಗುರಿ ಅಭ್ಯಾಸ ಮಾಡಬೇಕೆಂಬ ಆಸೆ ನನ್ನದು. ಒಂದು ಹರಾಜು ತಾಣದಲ್ಲಿ ಅದೇ 303 ತೋಟೆಯ ಲೀ-ಎನ್‌ಫೀಲ್ಡ್ ನಂಬರ್ 4 ರೈಫಲ್ ನೋಡಿದೆ. ಚಿತ್ರದಲ್ಲಿ ಮರ ಚೆನ್ನಾಗಿ ಹೊಳೆಯುತ್ತಿದೆ, ‘ನಳಿಗೆ ಉತ್ತಮ ಸ್ಥಿತಿಯಲ್ಲಿದೆ’ ಎಂದು ಬರೆದಿದ್ದಾರೆ. ಹಣ ಕಟ್ಟಿದರೆ ಮನೆಗೇ ಬರುತ್ತದೆಯೇ? ಕೊಳ್ಳುವ ಮೊದಲು ಏನೇನು ನೋಡಬೇಕು?

ಉತ್ತರ: ನಮಸ್ಕಾರ. ನಾನು ಭಾರತೀಯ ಸೇನೆಯಲ್ಲಿ ಆರ್ಮರರ್, ಅಂದರೆ ಆಯುಧ ದುರಸ್ತಿ ಮಾಡುವವನು, ಆಗಿದ್ದವನು. ಈಗ ಹಲವು ವರ್ಷಗಳಿಂದ ಓಹಾಯೋದಲ್ಲಿ ಪರವಾನಗಿ ಪಡೆದ ಅಂಗಡಿಯೊಂದರಲ್ಲಿ ಕೋವಿ ರಿಪೇರಿ ಮಾಡುತ್ತಿದ್ದೇನೆ. ನಿಮ್ಮ ಎರಡು ಪ್ರಶ್ನೆಗಳಲ್ಲಿ ಮೊದಲು ಕಾನೂನಿನದನ್ನು ಮುಗಿಸೋಣ.

ರೈಫಲ್ ನಿಮ್ಮ ಮನೆಗೆ ಬರುವುದಿಲ್ಲ. ಬೇರೆ ರಾಜ್ಯದ ಮಾರಾಟಗಾರನು ಅದನ್ನು ನಿಮ್ಮ ಊರಿನ ಪರವಾನಗಿ ಹೊಂದಿದ ಡೀಲರ್ ಒಬ್ಬರಿಗೆ ಕಳುಹಿಸುತ್ತಾನೆ. ನೀವು ಈಗಿನ ವಿಳಾಸವಿರುವ ಗುರುತಿನ ಚೀಟಿಯೊಂದಿಗೆ ಅಲ್ಲಿಗೆ ಖುದ್ದಾಗಿ ಹೋಗಿ 4473 ಎಂಬ ಫಾರ್ಮ್ ತುಂಬಬೇಕು. ಡೀಲರ್ ಅದರಲ್ಲಿನ ವಿವರಗಳನ್ನು 1998ರಿಂದ ಎಫ್‌ಬಿಐ ನಡೆಸುತ್ತಿರುವ ಹಿನ್ನೆಲೆ ತಪಾಸಣೆಯ ವ್ಯವಸ್ಥೆಗೆ ಒಪ್ಪಿಸುತ್ತಾರೆ. ಹೆಚ್ಚಿನವರಿಗೆ ಕೆಲವೇ ನಿಮಿಷಗಳಲ್ಲಿ ಒಪ್ಪಿಗೆ ಬರುತ್ತದೆ. ಹೊಸದಾಗಿ ಪೌರತ್ವ ಪಡೆದವರ ದಾಖಲೆ ಒಂದೊಂದು ಕಡೆ ಒಂದೊಂದು ರೀತಿ ಇದ್ದರೆ ತಡವಾಗುವುದುಂಟು. ಅದಕ್ಕೆ ಗಾಬರಿಯಾಗಬೇಡಿ, ಆದರೆ ಪೌರತ್ವದ ಪ್ರಮಾಣಪತ್ರವನ್ನು ಕೈಯಲ್ಲಿಟ್ಟುಕೊಂಡೇ ಹೋಗಿ. ಹರಾಜಿನಲ್ಲಿ ಬೆಲೆ ಕೂಗುವ ಮೊದಲೇ ನಿಮ್ಮ ಡೀಲರ್ ಜೊತೆ ಮಾತನಾಡಿಕೊಳ್ಳಿ, ಏಕೆಂದರೆ ಪರವಾನಗಿ ಇಲ್ಲದ ಖಾಸಗಿ ವ್ಯಕ್ತಿಗಳು ಕಳುಹಿಸಿದ ಪಾರ್ಸೆಲ್ಲನ್ನು ಕೆಲವು ಡೀಲರ್‌ಗಳು ತೆಗೆದುಕೊಳ್ಳುವುದೇ ಇಲ್ಲ. ಅವರ ಶುಲ್ಕ ಮತ್ತು ಸಾಗಣೆಯ ಖರ್ಚನ್ನೂ ಮೊದಲೇ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಇದು ಒಕ್ಕೂಟ ಸರ್ಕಾರದ ಕಾನೂನು. ರಾಜ್ಯಗಳ ಕಾನೂನು ಇದರ ಮೇಲೆ ಬೇರೆ. ಇಲಿನಾಯ್‌ನಲ್ಲಿ ಮೊದಲೇ ಗುರುತಿನ ಕಾರ್ಡ್ ಮಾಡಿಸಿರಬೇಕು, ಕ್ಯಾಲಿಫೋರ್ನಿಯಾದಲ್ಲಿ ಹತ್ತು ದಿನ ಕಾಯಬೇಕು. ಟೆಕ್ಸಾಸ್‌ನಲ್ಲಿ ನಿಮಗೆ ಆ ತೊಡಕುಗಳಿಲ್ಲ.

ಇನ್ನು ರೈಫಲ್ಲಿನ ವಿಷಯ. ‘ನಳಿಗೆ ಉತ್ತಮ’ ಎಂಬ ಮಾತಿಗೆ ನಾನು ಬೆಲೆ ಕೊಡುವುದಿಲ್ಲ. ಮಾರುವವನು ಸುಳ್ಳು ಹೇಳುತ್ತಾನೆಂದಲ್ಲ. ಎಷ್ಟೋ ಜನ ಮಾರಾಟಗಾರರು ನಳಿಗೆಯೊಳಗೆ ಒಮ್ಮೆಯೂ ಬಟ್ಟೆ ಹಾಯಿಸಿ ನೋಡಿರುವುದಿಲ್ಲ. ಒಣ ಬಟ್ಟೆಯ ತುಂಡನ್ನು ನಳಿಗೆಯಲ್ಲಿ ಎರಡು ಮೂರು ಬಾರಿ ಹಾಯಿಸಿ, ಹಿಂಬದಿಯಿಂದ ಬೆಳಕು ಬಿಟ್ಟು, ಬಾಯಿಯ ಕಡೆಯಿಂದ ತೆಗೆದ ಚಿತ್ರ ಕಳುಹಿಸಿ ಎಂದು ಬರೆಯಿರಿ. ನಳಿಗೆಯೊಳಗೆ ಕೊರೆದ ಸುರುಳಿಗೆರೆಗಳ ಅಂಚು ಚೂಪಾಗಿ ಕಂಡರೆ ಒಳ್ಳೆಯದು. ಗೆರೆಗಳ ನಡುವೆ ಮೆಣಸಿನ ಪುಡಿ ಚೆಲ್ಲಿದಂತೆ ಕಪ್ಪು ಚುಕ್ಕೆಗಳಿದ್ದರೆ ಅದು ತುಕ್ಕು ತಿಂದ ಗುಳಿ. ಅಂಥ ನಳಿಗೆಯಿಂದಲೂ ಗುಂಡು ನೇರ ಹೋದೀತು, ಆದರೆ ಬೆಲೆ ಇಳಿಯಬೇಕು. ಚಿತ್ರ ಕಳುಹಿಸಲು ಒಪ್ಪದವನಿಂದ ಕೊಳ್ಳಬೇಡಿ.

ಎರಡನೆಯದಾಗಿ ಬೋಲ್ಟ್, ಅಂದರೆ ತೋಟೆಯನ್ನು ಒಳಗೆ ತಳ್ಳಿ ನಳಿಗೆಯ ಹಿಂಬದಿ ಮುಚ್ಚುವ ಭಾಗ, ಅದರ ಹಿಡಿಯ ಹಿಂದೆ ಕೊರೆದ ಸಂಖ್ಯೆಯೂ ಅದು ಓಡುವ ಉಕ್ಕಿನ ಚೌಕಟ್ಟಾದ ರಿಸೀವರ್ ಮೇಲಿನ ಸಂಖ್ಯೆಯೂ ಒಂದೇ ಆಗಿವೆಯೇ ಎಂದು ನೋಡಿ. ಬೋಲ್ಟನ್ನು ಆಯಾ ರೈಫಲ್ಲಿಗೆ ಹೊಂದಿಸಿ ಕೂರಿಸಿರುತ್ತಾರೆ. ಬೇರೆ ರೈಫಲ್ಲಿನ ಬೋಲ್ಟ್ ಸಿಕ್ಕಿಸಿದ್ದರೆ ತೋಟೆ ಕೂರುವ ಜಾಗದ ಅಳತೆ, ಅಂದರೆ ಹೆಡ್‌ಸ್ಪೇಸ್, ತಪ್ಪಿರಬಹುದು.

ಮೂರನೆಯದನ್ನು ಅನುಭವದಿಂದಲೇ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ನಾನೇ ಆನ್‌ಲೈನ್‌ನಲ್ಲಿ ಒಂದು ನಂಬರ್ 4 ತರಿಸಿದೆ. ಚಿತ್ರದಲ್ಲಿ ಮರವೆಲ್ಲ ಹೊಸದಾಗಿ, ಎಣ್ಣೆ ಹಚ್ಚಿದಂತೆ ಕಾಣುತ್ತಿತ್ತು. ಬಂದ ದಿನ ಮೇಲಿನ ಮರದ ಹೊದಿಕೆ ಬಿಚ್ಚಿದಾಗ, ನಳಿಗೆಯ ಬುಡದಲ್ಲಿ ‘ಡಿ.ಪಿ.’ ಎಂಬ ಎರಡಕ್ಷರ ಒತ್ತಿದ್ದು ಕಂಡಿತು. ಡಿ.ಪಿ. ಎಂದರೆ ಡ್ರಿಲ್ ಪರ್ಪಸ್: ಕವಾಯತಿಗೆ ಮಾತ್ರ, ಗುಂಡು ಹಾರಿಸಲು ಅಲ್ಲ ಎಂದು ಸೇನೆಯೇ ಕೈಬಿಟ್ಟ ರೈಫಲ್. ಹಳೆಯ ಮರದ ಮೇಲೂ ಅದೇ ಗುರುತು ಇದ್ದಿರಬೇಕು. ಯಾರೋ ಮರ ಬದಲಿಸಿದ್ದರು. ಎನ್.ಸಿ.ಸಿ.ಯಲ್ಲಿ ಡಿ.ಪಿ. ರೈಫಲ್ ಹೆಗಲ ಮೇಲೆ ಹೊತ್ತವರಿಗೆ ಇದರ ಪರಿಚಯ ಇರುತ್ತದೆ. ಆ ಮಾರಾಟಗಾರ ಹಣ ಹಿಂದಿರುಗಿಸಲಿಲ್ಲ, ಪರೀಕ್ಷಿಸಲು ಇದ್ದ ಮೂರು ದಿನಗಳ ಗಡುವು ಮುಗಿದಿದೆ ಎಂದ. ಆದ್ದರಿಂದ ಹಿಂದಿರುಗಿಸುವ ನಿಯಮವನ್ನು ಮೊದಲೇ ಓದಿ, ರೈಫಲ್ ಕೈಸೇರಿದ ದಿನವೇ ಮರ ಬಿಚ್ಚಿಸಿ ನೋಡಿ.

ಒಂದು ಮಾತು, ನಿಮ್ಮ ಅಜ್ಜನ ಬಗ್ಗೆ. ಬರ್ಮಾದಲ್ಲಿದ್ದ ಭಾರತೀಯ ಪಡೆಗಳ ಕೈಯಲ್ಲಿ ಬಹುಪಾಲು ಇದ್ದದ್ದು ನಂಬರ್ 4 ಅಲ್ಲ, ಅದಕ್ಕಿಂತ ಹಳೆಯ ನಂಬರ್ 1 ಮಾರ್ಕ್ 3. ಮೊಂಡು ಮೂತಿಯ, ನಳಿಗೆಯ ತುದಿಯವರೆಗೂ ಮರ ಹೊದ್ದ ರೈಫಲ್ ಅದು. ಪಶ್ಚಿಮ ಬಂಗಾಳದ ಇಷಾಪುರದ ಕಾರ್ಖಾನೆ ಅದನ್ನು ದಶಕಗಳ ಕಾಲ ತಯಾರಿಸಿತು. ಭಾರತದಲ್ಲಿ ದುರಸ್ತಿಯಾದ ಅಂಥ ಎಷ್ಟೋ ರೈಫಲ್‌ಗಳಲ್ಲಿ ಮುಂಭಾಗದ ಮರಕ್ಕೆ ಅಡ್ಡಲಾಗಿ ಬಿಗಿದ ಒಂದು ಸ್ಕ್ರೂ ಕಾಣುತ್ತದೆ, ಮರ ಸೀಳದಂತೆ ಹಾಕಿದ್ದು ಅದು. ನೆನಪಿಗಾಗಿ ಕೊಳ್ಳುವುದಾದರೆ ಅದನ್ನೇ ಹುಡುಕಿ ಎಂಬುದು ನನ್ನ ಸಲಹೆ. ಗುರಿ ಅಭ್ಯಾಸವೇ ಮುಖ್ಯವಾದರೆ ನಂಬರ್ 4 ಮೇಲು, ಏಕೆಂದರೆ ಅದರ ಹಿಂದಿನ ಕಿಂಡಿಯ ಗುರಿಕಣ್ಣು ವಯಸ್ಸಾದ ಕಣ್ಣಿಗೂ ಹೊಂದುತ್ತದೆ.

ಪ್ರಶ್ನೆ (ಅದೇ ಸದಸ್ಯರಿಂದ): ತುಂಬಾ ಧನ್ಯವಾದ ಸರ್. ಇಷಾಪುರದ್ದೇ 7.62 ಮಿಲಿಮೀಟರ್ ತೋಟೆಯ ಒಂದು ರೈಫಲ್ ಕಡಿಮೆ ಬೆಲೆಗೆ ಕಂಡಿತು. ಅಂಗಡಿಯಲ್ಲಿ ಸುಲಭವಾಗಿ ಸಿಗುವ 308 ತೋಟೆಯನ್ನು ಅದಕ್ಕೆ ಹಾಕಬಹುದೇ?

ಉತ್ತರ: ಅದು 2ಎ1. 1960ರ ದಶಕದಲ್ಲಿ ಇಷಾಪುರದವರು ನಂಬರ್ 1ರ ವಿನ್ಯಾಸವನ್ನೇ ಇನ್ನೂ ಗಟ್ಟಿ ಉಕ್ಕಿನಲ್ಲಿ ಮಾಡಿ, ನ್ಯಾಟೋ 7.62 ತೋಟೆಗೆ ಹೊಂದಿಸಿದರು. ಹನ್ನೆರಡು ತೋಟೆಯ ಚೌಕನೆಯ ಮ್ಯಾಗಜೀನ್ ನೋಡಿದರೆ ಗುರುತು ಸಿಗುತ್ತದೆ. 303 ರೈಫಲ್ಲನ್ನೇ ಯಾರೋ ಕೊರೆದು ಮಾರ್ಪಡಿಸಿದ್ದೆಂದು ಕೆಲವರು ಹೇಳುವುದು ತಪ್ಪು. ಅದು ಹೊಸದಾಗಿಯೇ ತಯಾರಾದ ರೈಫಲ್. 308 ವಿಂಚೆಸ್ಟರ್ ತೋಟೆ ಹೊರ ಅಳತೆಯಲ್ಲಿ 7.62ನ್ನು ಹೋಲುತ್ತದೆ, ಆದ್ದರಿಂದ ಚೇಂಬರಿನಲ್ಲಿ, ಅಂದರೆ ನಳಿಗೆಯ ಹಿಂಬದಿಯಲ್ಲಿ ತೋಟೆ ಕೂರುವ ಜಾಗದಲ್ಲಿ, ಕೂರುತ್ತದೆ. ಆದರೆ ಬೇಟೆಗೆಂದು ಮಾಡಿದ ಕೆಲವು 308 ತೋಟೆಗಳ ಒತ್ತಡ ಹೆಚ್ಚು, ಈ ರೈಫಲ್ಲುಗಳ ಚೇಂಬರ್ ಸೇನೆಯ ಸಡಿಲ ಅಳತೆಯದು. ನಾನು ನನ್ನ ಗಿರಾಕಿಗಳಿಗೆ 7.62 ಎಂದೇ ಮುದ್ರೆಯಿರುವ ತೋಟೆಯನ್ನು ಮಾತ್ರ ಹಾಕಿ ಎನ್ನುತ್ತೇನೆ. ಬೇರೆ ರಿಪೇರಿಯವರು ಬೇರೆ ಹೇಳಬಹುದು. ಅರವತ್ತು ವರ್ಷ ಹಳೆಯ ಬೋಲ್ಟಿನ ಹಿಂದೆ ನಿಮ್ಮ ಕಣ್ಣಿರುತ್ತದೆ ಎಂಬುದನ್ನು ನೆನೆದು ನಾನು ಹೀಗೆ ಹೇಳುತ್ತಿದ್ದೇನೆ.

ಪ್ರಶ್ನೆ (ನ್ಯೂಜೆರ್ಸಿಯಿಂದ): ನಾನು ಎಚ್-1ಬಿ ವೀಸಾದಲ್ಲಿದ್ದೇನೆ. ಗೆಳೆಯನೊಬ್ಬ ಪೌರತ್ವ ಪಡೆದಿದ್ದಾನೆ. ಅವನ ಹೆಸರಿನಲ್ಲಿ ಕೊಂಡು ನಾನು ಇಟ್ಟುಕೊಳ್ಳಬಹುದೇ?

ಉತ್ತರ: ಬೇಡ, ಖಂಡಿತ ಬೇಡ. ಬೇರೆಯವರಿಗಾಗಿ ತನ್ನ ಹೆಸರಿನಲ್ಲಿ ಕೋವಿ ಕೊಳ್ಳುವುದು ಒಕ್ಕೂಟದ ಅಪರಾಧ. 2022ರ ಕಾನೂನಿನ ಪ್ರಕಾರ ಅದಕ್ಕೆ ಹದಿನೈದು ವರ್ಷಗಳವರೆಗೂ ಸೆರೆವಾಸ ಆಗಬಹುದು. ನೀವೂ ನಿಮ್ಮ ಗೆಳೆಯನೂ ಇಬ್ಬರೂ ಸಿಕ್ಕಿಬೀಳುತ್ತೀರಿ. ಎಚ್-1ಬಿಯಂಥ ವೀಸಾದಲ್ಲಿರುವವರು ಕೋವಿ ಅಥವಾ ತೋಟೆ ಇಟ್ಟುಕೊಳ್ಳುವುದನ್ನು ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಯಾವುದಾದರೂ ರಾಜ್ಯ ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇದ್ದರೆ ಅದಕ್ಕೊಂದು ವಿನಾಯಿತಿ ಇದೆ. ಆದರೆ ಆ ಪರವಾನಗಿಯ ಅವಧಿ ಮುಗಿದ ಮರುದಿನ ಕೋವಿ ನಿಮ್ಮ ಕಪಾಟಿನಲ್ಲಿದ್ದರೂ ಅದು ಅಪರಾಧವೇ. ಕೋವಿ ಸಂಬಂಧದ ಅಪರಾಧ ಗಡೀಪಾರಿಗೆ ಕಾರಣವಾಗಬಹುದಾದ್ದರಿಂದ, ವಲಸೆ ವಕೀಲರನ್ನು ಕೇಳದೆ ಒಂದು ಹೆಜ್ಜೆಯನ್ನೂ ಇಡಬೇಡಿ. ನಿಮ್ಮ ಮಕ್ಕಳ ಓದು, ಮನೆ, ಕೆಲಸ ಎಲ್ಲವೂ ಆ ಒಂದು ವೀಸಾದ ಮೇಲೆ ನಿಂತಿವೆ. ಗ್ರೀನ್ ಕಾರ್ಡ್ ಬಂದ ಮೇಲೆ ಡೀಲರ್ ಮೂಲಕ ಕೊಳ್ಳುವ ಹಕ್ಕು ನಿಮಗೂ ಇರುತ್ತದೆ, ಅಲ್ಲಿಯವರೆಗೆ ಕಾಯಿರಿ.

ಪ್ರಶ್ನೆ (ಓಹಾಯೋದಿಂದ): ಸರ್ಕಾರದ ಕಾರ್ಯಕ್ರಮವೊಂದರಿಂದ ಎರಡನೆಯ ಮಹಾಯುದ್ಧದ ಅಮೆರಿಕನ್ ಸೇನೆಯ ಗ್ಯಾರಂಡ್ ರೈಫಲ್ ಮನೆಗೇ ಬರುತ್ತದೆಂದು ಕೇಳಿದ್ದೇನೆ. ನಿಜವೇ?

ಉತ್ತರ: ನಿಜ, ಆದರೆ ಈಗ ಅದು ಸರ್ಕಾರದ ಇಲಾಖೆಯಲ್ಲ. ಸಿವಿಲಿಯನ್ ಮಾರ್ಕ್ಸ್‌ಮನ್‌ಶಿಪ್ ಪ್ರೋಗ್ರಾಂ ಎಂಬ ಸಂಸ್ಥೆ 1996ರಿಂದ ಸ್ವತಂತ್ರವಾಗಿ ನಡೆಯುತ್ತಿದೆ. ನಿಮ್ಮದೇ ರಾಜ್ಯದ ಪೋರ್ಟ್ ಕ್ಲಿಂಟನ್ ಬಳಿ ಅದರ ಒಂದು ಕೇಂದ್ರವಿದೆ, ಇನ್ನೊಂದು ಅಲಬಾಮಾದ ಆನಿಸ್ಟನ್‌ನಲ್ಲಿದೆ. ಪೌರತ್ವದ ಪುರಾವೆ, ಅದಕ್ಕೆ ಸೇರಿದ ಕ್ಲಬ್ಬಿನ ಸದಸ್ಯತ್ವ, ಗುರಿ ಅಭ್ಯಾಸ ಅಥವಾ ಸುರಕ್ಷತೆಯ ತರಬೇತಿಯ ದಾಖಲೆ, ಇವನ್ನೆಲ್ಲ ಕಳುಹಿಸಿ ಹಿನ್ನೆಲೆ ತಪಾಸಣೆ ಆದ ಮೇಲೆ, ರಾಜ್ಯದ ಕಾನೂನು ಒಪ್ಪುವ ಕಡೆ ಮನೆಗೇ ಕಳುಹಿಸುತ್ತಾರೆ. ಗ್ರೀನ್ ಕಾರ್ಡ್ ಇರುವವರಿಗೆ ಇಲ್ಲಿ ಅವಕಾಶವಿಲ್ಲ. ಮೊದಲ ಸಲ ಕೊಳ್ಳುವವರಿಗೆ ನಾನು ಧೈರ್ಯವಾಗಿ ಹೇಳುವ ಜಾಗ ಇದೊಂದೇ, ಏಕೆಂದರೆ ಅವರು ಅಳತೆ ನೋಡಿ, ದರ್ಜೆ ಬರೆದು ಮಾರುತ್ತಾರೆ. ಗ್ಯಾರಂಡಿಗೆ ಇಂದಿನ ಜೋರಾದ 30-06 ಬೇಟೆ ತೋಟೆ ಹಾಕಬೇಡಿ. ನಳಿಗೆಯ ಅಡಿಯಲ್ಲಿ ಓಡುವ ಆಪರೇಟಿಂಗ್ ರಾಡ್ ಬಾಗಬಹುದು. ಎಂಟು ತೋಟೆಯ ಕ್ಲಿಪ್ ಒತ್ತುವಾಗ ಹೆಬ್ಬೆರಳನ್ನು ಬೇಗ ಹಿಂದೆಗೆಯುವುದನ್ನೂ ಯಾರಿಂದಲಾದರೂ ಎದುರಿಗೇ ಕಲಿಯಿರಿ.

ಪ್ರಶ್ನೆ (ಮೊದಲ ಸದಸ್ಯರಿಂದ, ಐದು ವಾರಗಳ ನಂತರ): ನಿಮ್ಮ ಮಾತಿನಂತೆ ನಂಬರ್ 1 ಮಾರ್ಕ್ 3 ಹುಡುಕಿ ತರಿಸಿದೆ. ಸಂಖ್ಯೆಗಳು ಹೊಂದುತ್ತವೆ, ಡಿ.ಪಿ. ಗುರುತು ಎಲ್ಲೂ ಇಲ್ಲ, ನೀವು ಹೇಳಿದ ಅಡ್ಡ ಸ್ಕ್ರೂ ಇದೆ. ಇಲ್ಲಿನ ರಿಪೇರಿಯವರು ಹೆಡ್‌ಸ್ಪೇಸ್ ಅಳೆಯುವ 0.064 ಇಂಚಿನ ಗೇಜ್ ಮೇಲೆ ಬೋಲ್ಟ್ ಮುಚ್ಚುತ್ತದೆ, 0.074ರ ಮೇಲೆ ಮುಚ್ಚುವುದಿಲ್ಲ ಎಂದರು. ಜೊತೆಗೆ ಹಳೆಯ ಸೇನಾ ತೋಟೆಗಳ ಒಂದು ಪೆಟ್ಟಿಗೆಯೂ ಸಿಕ್ಕಿದೆ. ಮುಂದೊಂದು ದಿನ ಕೈಲ್ ಪೊಳ್ದ್ ಹಬ್ಬಕ್ಕೆ ಇದನ್ನು ಊರಿನ ಮನೆಗೆ ಒಯ್ಯಬಹುದೇ ಎಂಬ ಆಸೆಯೂ ಇದೆ.

ಉತ್ತರ: ಓದಿ ಬಹಳ ಸಂತೋಷವಾಯಿತು. ಊರಿಗೆ ಒಯ್ಯುವ ಆಸೆಯನ್ನು ಮಾತ್ರ ಬಿಡಿ. ಅಮೆರಿಕದಿಂದ ಹೊರಗೆ ಕಳುಹಿಸಲೂ ಅನುಮತಿ ಬೇಕು, ಭಾರತದೊಳಗೆ ತರಲೂ ಬೇಕು. 303 ಸೇನೆಯ ತೋಟೆಯೆಂದು ಅಲ್ಲಿ ಸಾಮಾನ್ಯ ನಾಗರಿಕರಿಗೆ ಅದರ ರೈಫಲ್ ಸಿಗುವುದಿಲ್ಲ. ನಮ್ಮ ಆರ್ಡನೆನ್ಸ್ ಕಾರ್ಖಾನೆಗಳು 315 ಎಂಬ ಬೇರೆ ಅಳತೆಯ ರೈಫಲ್ ಮಾಡಿ ಮಾರುತ್ತಿರುವುದೂ ಅದಕ್ಕಾಗಿಯೇ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ, 2029ರವರೆಗೆ ಮುಂದುವರಿದಿರುವ ಪರವಾನಗಿ ವಿನಾಯಿತಿಯನ್ನು ನಂಬಿ ಇದನ್ನು ವಿಮಾನ ಹತ್ತಿಸಬೇಡಿ. ಹಬ್ಬದ ದಿನ ಟೆಕ್ಸಾಸ್‌ನ ಮನೆಯಲ್ಲಿಯೇ ಹೂವಿಟ್ಟು ಪೂಜೆ ಮಾಡಿ.

ಗೇಜಿನ ಫಲಿತಾಂಶ ಸಮಾಧಾನಕರವಾಗಿದೆ, ಅಂದರೆ ಹೆಡ್‌ಸ್ಪೇಸ್ ಮಿತಿಯೊಳಗಿದೆ. ಆದರೂ ಮೊದಲ ದಿನ ಕಾರ್ಖಾನೆಯಲ್ಲಿ ಮಾಡಿದ ಹೊಸ ತೋಟೆ ಐದನ್ನು ಮಾತ್ರ ಹಾರಿಸಿ, ಕಣ್ಣಿಗೆ ಕನ್ನಡಕ ಇರಲಿ. ಖಾಲಿಯಾದ ಹಿತ್ತಾಳೆ ಕೇಸುಗಳನ್ನು ಬಿಸಿಲಿಗೆ ಹಿಡಿದು ತಿರುಗಿಸಿ ನೋಡಿ. ಬುಡದ ಅಂಚಿನಿಂದ ಸುಮಾರು ಒಂದು ಸೆಂಟಿಮೀಟರ್ ಮೇಲೆ ಸುತ್ತಲೂ ಹೊಳೆಯುವ ತೆಳು ಉಂಗುರ ಕಂಡರೆ, ಪೇಪರ್ ಕ್ಲಿಪ್ಪಿನ ತುದಿಯನ್ನು ಸ್ವಲ್ಪ ಬಗ್ಗಿಸಿ ಕೇಸಿನ ಒಳಗೋಡೆಗೆ ತಾಗಿಸುತ್ತ ಬುಡದಿಂದ ಮೇಲಕ್ಕೆ ಎಳೆಯಿರಿ. ಅದೇ ಜಾಗದಲ್ಲಿ ತುದಿ ಒಂದು ಹಳ್ಳಕ್ಕೆ ಸಿಕ್ಕಿ ನಿಂತರೆ, ಲೋಹ ಅಲ್ಲಿ ಹಿಗ್ಗಿ ತೆಳುವಾಗಿದೆ, ಕೇಸು ತುಂಡಾಗಲು ಹೊರಟಿದೆ ಎಂದರ್ಥ. ಆಗ ಹಾರಿಸುವುದನ್ನು ನಿಲ್ಲಿಸಿ ರೈಫಲ್ಲನ್ನೂ ಕೇಸುಗಳನ್ನೂ ರಿಪೇರಿಯವರಿಗೆ ಮತ್ತೆ ತೋರಿಸಿ.

ಹಳೆಯ ತೋಟೆಯ ಪೆಟ್ಟಿಗೆಯನ್ನು ಸದ್ಯಕ್ಕೆ ಬದಿಗಿಡಿ. ಆ ಕಾಲದ ಸೇನಾ ತೋಟೆಗಳ ಪ್ರೈಮರಿನಲ್ಲಿ, ಅಂದರೆ ತೋಟೆಯ ಬುಡದಲ್ಲಿ ಕಿಡಿ ಹೊತ್ತಿಸುವ ಪುಟ್ಟ ಬಟ್ಟಲಿನಲ್ಲಿ, ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಹಾರಿದ ಮೇಲೆ ನಳಿಗೆಯಲ್ಲಿ ಉಪ್ಪು ಉಳಿಯುತ್ತದೆ, ಅದು ಗಾಳಿಯ ತೇವ ಹೀರಿ ಒಂದೇ ರಾತ್ರಿಯಲ್ಲಿ ತುಕ್ಕು ಹಿಡಿಸಬಲ್ಲದು. ಎಣ್ಣೆಗೆ ಉಪ್ಪು ಕರಗುವುದಿಲ್ಲ, ನೀರಿಗೆ ಮಾತ್ರ ಕರಗುತ್ತದೆ. ಎಂದಾದರೂ ಅವನ್ನು ಹಾರಿಸಿದರೆ ಅದೇ ಸಂಜೆ ಬೋಲ್ಟ್ ತೆಗೆದು, ನಳಿಗೆಗೆ ಕುದಿಯುವ ನೀರನ್ನು ಕೊಳವೆಯಿಟ್ಟು ಹಿಂಬದಿಯಿಂದ ಸುರಿಯಿರಿ, ಬೋಲ್ಟಿನ ಮುಖವನ್ನೂ ತೊಳೆಯಿರಿ. ಬಿಸಿಗೆ ಉಕ್ಕು ತಾನೇ ಒಣಗುತ್ತದೆ. ಆಮೇಲೆ ಬಟ್ಟೆ ಹಾಯಿಸಿ ಎಣ್ಣೆ ಹಚ್ಚಿ, ಮರುದಿನ ಬೆಳಿಗ್ಗೆ ಇನ್ನೊಂದು ಬಿಳಿ ಬಟ್ಟೆ ಹಾಯಿಸಿ ನೋಡಿ. ಅದು ಕೆಂಪಾಗಿ ಬಂದರೆ ಮತ್ತೆ ನೀರಿನಿಂದಲೇ ಶುರು ಮಾಡಿ.